ಮೂವತ್ತು ಜೋಡಿ ಚಪ್ಪಲಿಯ ಸಾಕ್ಷಿ

ರಾಯಬಾಗದಿಂದ ಕುಡಚಿಗೆ ಹೋಗುವ ರಸ್ತೆಯ ಬಲಗಡೆ ಒಂದು ಕಾಲುವೆ ಮೋರಿ ಇದೆ. ಅದರ ಕಟ್ಟೆಯ ಒಂದು ಮೂಲೆಯಲ್ಲಿ ಸಿಮೆಂಟು ಕಿತ್ತುಹೋಗಿದೆ. ನಾನು ನಿಂತದ್ದು ಆ ಮೂಲೆಯ ಹತ್ತಿರ, ಕಬ್ಬಿನ ಹೊಲಕ್ಕೆ ಮುಖ ಮಾಡಿ. ಒಂದು ಸಲವಲ್ಲ, ಎರಡು ಸಲ. ಮೊದಲ ಸಲ ಈ ವರ್ಷದ ಸಂಕ್ರಾಂತಿಯಾದ ಮೇಲಿನ ಎರಡನೆಯ ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಎರಡನೆಯ ಸಲ ಶಿವರಾತ್ರಿಯಾದ ಐದನೆಯ ದಿನ, ಎಂಟಕ್ಕೆ ಹತ್ತು ನಿಮಿಷ ಬಾಕಿ ಇರುವಾಗ. ಎರಡೂ ಸಲ ಬೆಳಕು ಚೆನ್ನಾಗಿತ್ತು. ಎರಡೂ ಸಲ ಕನ್ನಡಕ ಹಾಕಿಕೊಂಡಿದ್ದೆ.

ಮೊದಲ ಸಲ ಕಂಡದ್ದನ್ನು ಒಂದು ಅಂಕಿಯೂ ತಪ್ಪದಂತೆ ಹೇಳಿದೆ. ಅದರಿಂದ ಅಥಣಿ ಕಡೆಯ ಒಂದು ಮನೆಯವರ ಕೈಗೆ ಬಂದಿದ್ದ ಕೆಲಸ ಹೋಯಿತು. ಎರಡನೆಯ ಸಲ ಕಂಡದ್ದನ್ನೂ ಹಾಗೆಯೇ ಹೇಳಿದೆ. ಅದನ್ನು ಯಾರೂ ನಂಬಲಿಲ್ಲ. ಅದಕ್ಕೇ ಈಗ ಮೊದಲಿನಿಂದ ಬರೆಯುತ್ತಿದ್ದೇನೆ.

ಆ ಹೊಲದ ಮಾಲೀಕರು ನನ್ನ ಜೊತೆ ಓದಿದವರು. ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಒಂಬತ್ತು ಸಂಸಾರಗಳು ಬಂದು ಅವರ ಹೊಲದ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ಬಿದಿರು ಬಗ್ಗಿಸಿ, ಮೇಲೆ ಕಬ್ಬಿನ ಒಣ ಎಲೆಯ ರವದಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಎಳೆದ ಗುಡಿಸಲು. ನಾನು ಚಿಕ್ಕೋಡಿಯಲ್ಲಿ ಮಾಸ್ತರನಾಗಿದ್ದವನು. ಹನ್ನೊಂದು ವರ್ಷ ಅವರಿಗೆ ಹಳೆಯ ಬಟ್ಟೆ ಒಯ್ದು ಕೊಟ್ಟೆ. ಓಣಿಯ ಮನೆಮನೆ ತಿರುಗಿ ಬಟ್ಟೆ ಕೂಡಿಸುತ್ತಿದ್ದೆ, ಹೆಂಡತಿ ಗುಂಡಿ ಹಚ್ಚಿ ಕೊಡುತ್ತಿದ್ದಳು. ನಮ್ಮ ಬಳಗದಲ್ಲಿ ಬಡವರ ಮಾತು ಬಂದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಹಾಗೆ ನೋಡಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಅದನ್ನು ಯಾರಾದರೂ ಕಸಿಯಬಹುದೆಂದು ನಾನು ಯೋಚಿಸಿರಲಿಲ್ಲ.

ಕಸಿದವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ನಿಪ್ಪಾಣಿಯಲ್ಲಿ ಪಾತ್ರೆ ಅಂಗಡಿ ಇದೆ. ನನಗಿಂತ ಹದಿನಾಲ್ಕು ವರ್ಷ ಸಣ್ಣವನು. ಹೋದ ದೀಪಾವಳಿಗೆ ಕಾಗವಾಡದಲ್ಲಿ ನಮ್ಮ ಮಾವನವರ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಅವನು ನನ್ನನ್ನೇ ಕೇಳಿದ:

"ಅಣ್ಣಾರ, ನೀವು ಇಷ್ಟು ವರ್ಷ ಹೋಗೀರಿ. ಅವರಿಗೆ ಹಳೇ ಅರಿವಿ ಬೇಕಾಗೇತೇನ್ರಿ?"

"ಬ್ಯಾಡಂತ ಯಾರೂ ಅಂದಿಲ್ಲಪಾ."

"ಬ್ಯಾಡ ಅನ್ನಾಂಗಿಲ್ರಿ ಅವರು. ಏನ್ ಬೇಕಂತ ನೀವು ಅವರನ್ನ ಕೇಳೀರೇನು ಅಂತ ನಾ ಕೇಳಿದ್ದು."

ನಾನು ಕೇಳಿರಲಿಲ್ಲ. ಅವನು ಆಗಲೇ ಹೋಗಿ ಕೇಳಿ ಬಂದಿದ್ದ. ಅವರು ಕಾಲಿಗೆ ಏನಾದರೂ ಬೇಕು ಎಂದಿದ್ದರಂತೆ. ಬಜಾರಿನ ರಬ್ಬರ್ ಚಪ್ಪಲಿ ಕೊಳ್ಳುವುದು ಬೇಡ. ಅಥಣಿ ಕಡೆ ಕೈಯಿಂದ ಚಪ್ಪಲಿ ಮಾಡುವ ಮನೆಗಳಿವೆ, ವ್ಯಾಪಾರಿಗಳು ಬೆಲೆಗೆ ಜಗ್ಗಾಡಿ ಜಗ್ಗಾಡಿ ಅವರನ್ನು ಸುಸ್ತು ಮಾಡಿದ್ದಾರೆ. ಅಂಥ ಒಂದು ಮನೆಯಿಂದ, ಅವರು ಕೇಳಿದ ಬೆಲೆಗೇ ಕೊಂಡು ಇವರಿಗೆ ಕೊಟ್ಟರೆ ಅಲ್ಲಿ ಒಲೆ ಹೊತ್ತುತ್ತದೆ, ಇಲ್ಲಿ ಕಾಲು ಉಳಿಯುತ್ತದೆ ಎಂದ. ಮಾವನವರು ಅಲ್ಲೇ ಒಪ್ಪಿದರು. ಭಾವಮೈದುನರು, ಅತ್ತೆಯ ತಮ್ಮಂದಿರು, ಎಲ್ಲರೂ ತಮ್ಮ ಪಾಲು ಹಾಕುತ್ತೇವೆ ಎಂದರು. ಹನ್ನೊಂದು ವರ್ಷದಲ್ಲಿ ನನ್ನ ಗಂಟಿಗೆ ಒಂದು ಹೊಸ ಟವೆಲ್ ಹಾಕದವರೂ ಹಾಗೆಂದರು.

ಅಳತೆ ತೆಗೆದುಕೊಳ್ಳಲು ಅವನು ನನ್ನನ್ನೂ ಕರೆದ. ಮರಾಠಿಯಲ್ಲಿ ಮಾತಾಡಿಸಲು ನೀವು ಬೇಕು ಎಂದ. ಅವನ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ಮರ್ಯಾದೆಗೆ ಕರೆದದ್ದು ಎಂದು ಗೊತ್ತಿತ್ತು, ಅದು ಇನ್ನಷ್ಟು ಉರಿಸಿತು.

ಅವನು ಹಳೆಯ ಪೇಪರು, ಪೆನ್ಸಿಲ್ಲು ತಂದಿದ್ದ. ನೆಲದ ಮೇಲೆ ಪೇಪರು ಹಾಸಿ, ಕಾಲಿಡಿ, ಸುತ್ತ ಗೆರೆ ಎಳೆಯುತ್ತೇನೆ ಎಂದ. ಗ್ಯಾಂಗಿನ ಹಿರಿಯ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು.

"ನಕೋ ರೇ ಬಾಬಾ! ಅಕ್ಷರಾವರ ಪಾಯ?"

ಅಕ್ಷರದ ಮೇಲೆ ಕಾಲೆ ಎಂದು ಹೌಹಾರಿ, ಬಗ್ಗಿ ಪೇಪರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಉಳಿದವರೂ ಹಿಂದೆ ಸರಿದರು. ಷಡ್ಡಕ ಪೆನ್ಸಿಲ್ ಹಿಡಿದು ಕುಕ್ಕರಗಾಲಿನಲ್ಲಿ ಹಾಗೇ ಉಳಿದ. ಆ ಅರ್ಧ ನಿಮಿಷ ನನಗೆ ಬಹಳ ಹಿತವಾಯಿತು. ಅವಳು ಓದು ಬರಹ ಬಾರದವಳು, ನಾನು ಮಾಸ್ತರ. ಪೇಪರಿನ ಮೇಲೆ ಕಾಲಿಡಬಾರದೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿತ್ತು ಕೂಡ. ಹೇಳಿರಲಿಲ್ಲ.

ಹೊಲದ ಮಾಲೀಕರು ಸಿಮೆಂಟಿನ ಖಾಲಿ ಚೀಲಗಳ ಒಳಗಿನ ಕಂದು ಕಾಗದ ಹರಿದು ತಂದುಕೊಟ್ಟರು. ಅದರ ಮೇಲೆ ಎಲ್ಲರೂ ಕಾಲಿಟ್ಟರು. ಹದಿನೆಂಟು ದೊಡ್ಡವರು, ಹನ್ನೆರಡು ಮಕ್ಕಳು. ಒಬ್ಬ ಹೆಂಗಸಿನ ಬಲಗಾಲ ಹೆಬ್ಬೆರಳು ಕಬ್ಬಿನ ಕೂಳೆ ಚುಚ್ಚಿ ಬಾತಿತ್ತು. ಷಡ್ಡಕ ಆ ಬೆರಳಿನ ಸುತ್ತ ದಾರ ಸುತ್ತಿ, ದಾರವನ್ನು ಅದೇ ಕಾಗದಕ್ಕೆ ಗಂಟು ಹಾಕಿದ. ನಾನು ಹನ್ನೊಂದು ವರ್ಷ ಹೋಗಿದ್ದೆ. ಅವರಲ್ಲಿ ಒಬ್ಬರ ಕಾಲನ್ನೂ ನೋಡಿರಲಿಲ್ಲ.

ಆ ಕಾಗದಗಳ ಸುರುಳಿ ಹಿಡಿದು ಅಥಣಿ ಕಡೆಯ ಆ ಮನೆಗೂ ಅವನ ಜೊತೆ ಹೋದೆ. ಗಂಡ ಹೆಂಡತಿ ಇಬ್ಬರೇ ಕೆಲಸಗಾರರು. ಗಂಡ ರಂಪಿಗೆಯಿಂದ ಚರ್ಮ ಕತ್ತರಿಸಿ ಅಡಿಯ ಅಟ್ಟೆ ಹೊಲಿಯುತ್ತಾನೆ, ಹೆಂಡತಿ ಮೇಲಿನ ಪಟ್ಟಿಯ ಜಡೆ ಹೆಣೆಯುತ್ತಾಳೆ. ಅವಳು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಗುರುಗಳ, ನೀವು ಮೂರು ವರ್ಸದ ಹಿಂದ ನಮ್ಮ ಕಡೆ ಒಂದ ಜೋಡಿ ಒಯ್ದಿದ್ರೆಲ್ಲಾ? ಬಿಸಲಾಗ ನಿಂತ ತಾಸಗಟ್ಲೆ ಜಗ್ಗಾಡಿದ್ರಿ!" ಎಂದು ನಕ್ಕಳು. "ಹೆಂಗದಾವ್ರಿ ಅವು?"

ಚೆನ್ನಾಗಿವೆ ಎಂದೆ. ಚೆನ್ನಾಗಿಯೇ ಇದ್ದವು. ಬಟ್ಟೆಯ ಚೀಲದಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ. ಮದುವೆಗೆ, ಹಬ್ಬಕ್ಕೆ ತೆಗೆದು ಎಣ್ಣೆ ಸವರಿ ಮೆಟ್ಟುತ್ತೇನೆ.

"ಈ ಸಾಹೇಬ್ರು ನೋಡ್ರಿ," ಎಂದು ಅವಳು ಷಡ್ಡಕನ ಕಡೆ ಕೈ ಮಾಡಿದಳು, "ಎಷ್ಟಕ್ಕ ಕೊಡ್ತಿ ಅಂತ ಮೊದಲ ಕೇಳಲಿಲ್ರಿ. ಒಂದ ಜೋಡಿಗೆ ಎಷ್ಟ ದಿನಾ ಹಿಡೀತೈತಿ ಅಂತ ಕೇಳಿದ್ರು. ಹಂಗ ಕೇಳಿದವರನ್ನ ನಾ ನೋಡೇ ಇಲ್ರಿ."

ಗಂಡ ತಲೆ ಎತ್ತದೆ ಹೇಳಿದ: "ಕೆಲಸಾ ಇಲ್ಲಂದ್ರ ಇಚಲಕರಂಜಿಗೆ ಮಗ್ಗಕ್ಕ ಹೋಗೂದಂತ ಪಕ್ಕಾ ಮಾಡಿದ್ವಿರಿ. ಈಗ ಕುಂತೇನಿ."

ಆ ಮನೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ. ಕೆಲಸವಿದ್ದರೆ ಅವನು ಮನೆಯಲ್ಲಿ, ಹೆಂಡತಿಯ ಎದುರು ಕೂತು ದುಡಿಯುತ್ತಾನೆ. ಇಲ್ಲದಿದ್ದರೆ ಇಚಲಕರಂಜಿಯ ಮಗ್ಗ. ಆಗ ಅಟ್ಟೆ ಹೊಲಿಯುವವರಿಲ್ಲ. ಅವಳು ವ್ಯಾಪಾರಿಗೆ ಬರೀ ಜಡೆ ಹೆಣೆದು ಕೊಡಬೇಕು. ಅವರ ಕೈಯ ಚಪ್ಪಲಿ ಅಲ್ಲಿಗೆ ನಿಲ್ಲುತ್ತದೆ. ಮೂವತ್ತು ಜೋಡಿ ಚೆನ್ನಾಗಿ ಬಂದರೆ ಮುಂದಿನ ಹಂಗಾಮಿಗೆ ಭೋಜ ಊರಿನ ಕಡೆಯ ಮತ್ತು ಕಾಗವಾಡ ಕಡೆಯ ಗುಡಿಸಲುಗಳಿಗೆ ಅರವತ್ತು ಜೋಡಿ, ಬೇಸಿಗೆಯಲ್ಲೇ ಶುರು ಮಾಡಿ ಎಂದು ಷಡ್ಡಕ ಮಾತು ಕೊಟ್ಟ. ಮಾವನವರು ಮತ್ತು ಬಳಗದವರು ಹೂಂ ಎಂದಿದ್ದ ಮಾತು ಅದು. ನಾನೂ ಅಲ್ಲೇ ಇದ್ದೆ.

ಸಂಕ್ರಾಂತಿಯ ಮರುದಿನ ಚಪ್ಪಲಿ ಹಂಚಿದೆವು. ಹೊಸ ಅಟ್ಟೆ ಕರ್ ಕರ್ ಎನ್ನುತ್ತಿತ್ತು. ಹೆಂಗಸರು ನಾಲ್ಕು ಹೆಜ್ಜೆ ನಡೆದು, ಸಪ್ಪಳಕ್ಕೆ ತಾವೇ ನಾಚಿ ನಕ್ಕರು. ಬೆರಳು ಬಾತಿದ್ದವಳ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುರ ಬೇರೆಯವರದಕ್ಕಿಂತ ಒಂದು ನೂಲು ಅಗಲವಿತ್ತು. ಅವಳು ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. ನಾನು ಬಟ್ಟೆ ಕೊಟ್ಟಾಗ ಪ್ರತಿ ವರ್ಷ ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಷಡ್ಡಕ ಫೋನು ಜೇಬಿನಿಂದ ಹೊರಗೇ ತೆಗೆಯಲಿಲ್ಲ. ಮಾವನವರ ಮನೆಯಲ್ಲಿ ಇದನ್ನೂ ಹೊಗಳಿದರು.

ಅದಾದ ಮೇಲಿನ ಎರಡನೆಯ ಶುಕ್ರವಾರ, ಮೊದಲು ಹೇಳಿದ ಹೊತ್ತಿಗೆ, ಮೋರಿಯ ಮೇಲೆ ನಿಂತೆ. ಹೊಲದ ಮಾಲೀಕರನ್ನು ಮಾತಾಡಿಸಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಅವರನ್ನು ಮಾತಾಡಿಸಲಿಲ್ಲ. ನಾನು ಹೋದದ್ದು ಕಾಲು ನೋಡಲಿಕ್ಕೆ. ಹದಿನಾರು ಜನ ಕಡಿಯುತ್ತಿದ್ದರು. ಕಾಲುವೆ ನೀರು ಬಿಟ್ಟು ಎರಡು ದಿನವಾಗಿತ್ತೇನೋ, ಹೊಲದ ತಗ್ಗಿನ ಭಾಗ ಕೆಸರಾಗಿತ್ತು. ಒಂಬತ್ತು ಜನ ಬರಿಗಾಲಲ್ಲಿದ್ದರು. ಏಳು ಜನರ ಕಾಲಲ್ಲಿ ಹರಿದ ಪ್ಲಾಸ್ಟಿಕ್ ಬೂಟು. ಚರ್ಮದ ಚಪ್ಪಲಿ ಒಂದೂ ಇರಲಿಲ್ಲ.

ಇನ್ನೊಂದನ್ನೂ ಕಂಡೆ. ಪ್ರತಿ ಗುಡಿಸಲಿನ ಒಳಗೆ, ಬಾಗಿಲಿಂದ ಕಾಣುವ ಹಾಗೆ, ಮೇಲಿನ ಬಿದಿರಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದ ಒಂದೊಂದು ಗಂಟು ನೇತಾಡುತ್ತಿತ್ತು. ಒಂಬತ್ತು ಗುಡಿಸಲು, ಒಂಬತ್ತು ಗಂಟು. ಎಣಿಸಿದೆ. ಏನಿದೆ ಎಂದು ಕೇಳಲು ಐವತ್ತು ಹೆಜ್ಜೆ ನಡೆದರೆ ಸಾಕಿತ್ತು. ಗಾಡಿ ತಿರುಗಿಸಿಕೊಂಡು ಚಿಕ್ಕೋಡಿಗೆ ಬಂದೆ.

ಎರಡು ದಿನ ಬಿಟ್ಟು, ರವಿವಾರ, ಕಾಗವಾಡದಲ್ಲಿ ಊಟ. ಪಡಸಾಲೆಯಲ್ಲಿ ಗಂಡಸರು ಸಾಲಾಗಿ ಕೂತಿದ್ದೆವು. ಮಾತು ಚಪ್ಪಲಿಯದೇ. ಮಾವನವರು ನನ್ನ ಕಡೆ ತಿರುಗಿದರು.

"ಏನ್ರಿ ಮಾಸ್ತರ, ಗಪ್ಪ ಕುಂತೀರಿ? ನಮ್ಮ ಸಣ್ಣ ಅಳಿಯಂದ ಕೆಲಸಾ ಹೆಂಗ ಅನಸ್ತು?"

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. "ಶುಕ್ರವಾರ ಎಂಟೂ ಹತ್ತಕ್ಕ ಮೋರಿ ಮ್ಯಾಲ ನಿಂತಿದ್ದೆರಿ. ಹದಿನಾರ ಮಂದಿ ಕಬ್ಬ ಕಡ್ಯಾಕತ್ತಿದ್ರು. ಒಂಬತ್ತ ಮಂದಿ ಬರಿಗಾಲಾಗ. ಏಳ ಮಂದೀದು ಪ್ಲಾಸ್ಟಿಕ್ ಬೂಟ. ಚರ್ಮದ್ದ ಒಂದೂ ಇರಲಿಲ್ಲ."

"ಮತ್ತ ಎಲ್ಲಿ ಹೋದ್ವು ಅವು?"

"ಅದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದ ನಾ ಹೇಳಾಂವ ಅಲ್ಲ." ಮತ್ತೆ ರೊಟ್ಟಿ ಮುರಿಯುತ್ತಾ ಹೇಳಿದೆ: "ರಾಯಬಾಗ ಸಂತ್ಯಾಗ ಅಂಥಾವು ಮಾರಾಕ ಇಟ್ಟಿರತಾರ, ಅಷ್ಟ."

ದೊಡ್ಡ ಭಾವಮೈದುನ ತೊಡೆ ತಟ್ಟಿ ನಕ್ಕ. "ಅಂದ್ರ ಮಾರಿ ತಿಂದ್ರು ಅನ್ರಿ!"

"ನಾ ಹಂಗ ಅಂದಿಲ್ಲ."

"ನೀವು ಅನ್ನಬ್ಯಾಡ್ರಿ. ನಮಗ ತಿಳೀತು."

ಷಡ್ಡಕ ಕೈಯಲ್ಲಿದ್ದ ತುತ್ತು ತಾಟಿಗೆ ಇಟ್ಟ. "ಅಣ್ಣಾರ, ಖರೇನ ನೀವ ನೋಡೀರಿ?"

"ಕಣ್ಣಾರೆ ನೋಡೇನಿ."

ಅವನು ಮುಂದೆ ಕೇಳಲಿಲ್ಲ. ನಾನು ತಪ್ಪು ಹೇಳುವವನಲ್ಲ ಎಂದು ಅವನಿಗೂ ನಂಬಿಕೆ. ಸಂತೆಯಲ್ಲಿ ನಾನು ಅಂಥ ಚಪ್ಪಲಿ ಕಂಡದ್ದು ನಿಜ, ಆದರೆ ಅದು ಮೂರು ನಾಲ್ಕು ವರ್ಷದ ಹಿಂದೆ. ಗಂಟುಗಳ ವಿಷಯ ಹೇಳಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಇನ್ನೊಂದು ಸಲ ಹಾಕಿಸಿಕೊಂಡೆ. ರುಚಿಯಾಗಿತ್ತು. ಅಂದು ಬಹಳ ದಿನದ ಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

ಅರವತ್ತು ಜೋಡಿಯ ಮಾತು ಅಲ್ಲಿಗೇ ಬಿತ್ತು. ಬಳಗದವರು ಕೈ ತೆಗೆದ ಮೇಲೆ ಷಡ್ಡಕನೊಬ್ಬನಿಂದ ಆಗುವಂಥದ್ದಲ್ಲ. ಅವನೇ ಅಥಣಿ ಕಡೆ ಹೋಗಿ, ಈಗ ಆಗುವುದಿಲ್ಲ ಎಂದು ಹೇಳಿ ಬಂದ. ಆ ಹೆಂಗಸು ಕೇಳಿದ್ದು ಒಂದೇ ಮಾತಂತೆ: "ನಮ್ಮ ಚಪ್ಪಲ್ಯಾಗ ಏನರೆ ಕೊರತಿ ಇತ್ತೇನ್ರಿ?" ಅದರ ಮುಂದಿನ ಸೋಮವಾರ ಅವಳ ಗಂಡ ಇಚಲಕರಂಜಿಯ ಬಸ್ಸು ಹತ್ತಿದ.

ಇನ್ನು ಎರಡನೆಯ ಸಲ. ಶಿವರಾತ್ರಿಯಾದ ಐದನೆಯ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕುಡಚಿ ಸ್ಟೇಷನ್ನಿಗೆ ಹೊರಟಿದ್ದೆ. ಮಿರಜದ ಆಸ್ಪತ್ರೆಯಲ್ಲಿ ಅವಳ ಕಣ್ಣು ತೋರಿಸಬೇಕಿತ್ತು. ಮೋರಿಯ ಹತ್ತಿರ ರಸ್ತೆಗೆ ಅಡ್ಡವಾಗಿ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ನಿಂತಿತ್ತು. ಕಬ್ಬು ಮುಗಿದಿತ್ತು, ಗ್ಯಾಂಗು ಊರಿಗೆ ಹೊರಟಿತ್ತು. ಗಾಡಿ ನಿಲ್ಲಿಸಿ, ಅದೇ ಮುರಿದ ಮೂಲೆಯ ಹತ್ತಿರ ನಿಂತೆವು. ಟ್ರೇಲರಿನ ಮೇಲೆ ಟ್ರಂಕು, ಕಟ್ಟಿಗೆ, ಎರಡು ಆಡು. ಟ್ರಂಕು ಅಲುಗಾಡದಂತೆ ಕೆಳಗೆ ಮಡಿಸಿ ಒತ್ತಿದ್ದ ಬಟ್ಟೆ ನನ್ನ ಗುರುತಿನದು, ನೀಲಿ ಗೆರೆಯ ಅಂಗಿ.

"ನಿಮ್ಮ ಅಂಗಿ ನೋಡ್ರಿ ಅಲ್ಲೆ," ಎಂದಳು ಹೆಂಡತಿ.

ಆಮೇಲೆ ಹೆಂಗಸರು ಗಂಟುಗಳನ್ನು ಹಿಡಿದು ಕಾಲುವೆಗೆ ಇಳಿದರು. ಒಂಬತ್ತು ಗಂಟು. ಮೊದಲು ಕಾಲು ತೊಳೆದರು. ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ತೊಳೆದರು, ಮಕ್ಕಳ ಕಾಲನ್ನೂ ತೊಳೆದರು. ಸೆರಗಿನಿಂದ ಒರೆಸಿಕೊಂಡರು. ಪ್ಲಾಸ್ಟಿಕ್ ಬಿಚ್ಚಿ ಚಪ್ಪಲಿ ತೆಗೆದರು. ಒಂದಕ್ಕೂ ಕೆಸರು ಹತ್ತಿರಲಿಲ್ಲ. ಮೂವತ್ತು ಜೋಡಿಯೂ ಇದ್ದವು. ಟ್ರೇಲರ್ ಹತ್ತುವಾಗ ಒಬ್ಬೊಬ್ಬರನ್ನೇ ಎಣಿಸಿದೆ. ಹೆಬ್ಬೆರಳಿನ ಬಾವು ಇಳಿದವಳು ಅಗಲ ಉಂಗುರಕ್ಕೆ ಬಟ್ಟೆಯ ಚೂರು ಸುತ್ತಿಕೊಂಡಿದ್ದಳು. ಡಾಂಬರಿನ ಮೇಲೆ ಅಷ್ಟೂ ಕಾಲುಗಳು ಕರ್ ಕರ್ ಎಂದು ನಡೆದವು.

ಹಿರಿಯ ಹೆಂಗಸು ನನ್ನನ್ನು ಕಂಡು ಹತ್ತಿರ ಬಂದಳು. ನಾನು ಕೇಳಿದೆ, ಇಷ್ಟು ದಿನ ಯಾಕೆ ಹಾಕಲಿಲ್ಲ ಎಂದು. ನನಗೆ ಬುದ್ಧಿ ಇದೆಯೇ ಎನ್ನುವಂತೆ ನೋಡಿದಳು. ಕೆಸರಿನಲ್ಲಿ, ಕೂಳೆಯಲ್ಲಿ ಹಾಕಿ ಹಾಳು ಮಾಡಲಿಕ್ಕೆ ಇವೇನು ರಬ್ಬರಿನವೇ ಗುರುಜಿ, ಊರು ಮುಟ್ಟುವಾಗ ಕಾಲಲ್ಲಿ ಇರಬೇಕು, ಪ್ರತಿ ವರ್ಷ ಬರಿಗಾಲಲ್ಲಿ ಇಳಿಯುತ್ತಿದ್ದೆವು, ಈ ಸಲ ಜನ ನೋಡಲಿ ಎಂದಳು. ಆಮೇಲೆ ಸೆರಗಿನ ತುದಿ ಬಿಚ್ಚಿ ಒಂದು ಮುದ್ದೆ ಬೆಲ್ಲ ತೆಗೆದು ನನ್ನ ಕೈಗಿಟ್ಟಳು. ನನಗೇ ಎಂದುಕೊಂಡು ಮುಷ್ಟಿ ಮುಚ್ಚಿದೆ.

"ತ್ಯಾ ದುಸರ‍್ಯಾ ಸಾಹೇಬಾಂನಾ ದ್ಯಾ," ಎಂದಳು. ಆ ಇನ್ನೊಬ್ಬ ಸಾಹೇಬರಿಗೆ ಕೊಡಿ.

ಟ್ರ್ಯಾಕ್ಟರ್ ಹೋಯಿತು. ಹೆಂಡತಿ ನನ್ನ ಮುಖ ನೋಡಲಿಲ್ಲ, ಹೊಲದ ಕಡೆ ನೋಡುತ್ತಾ ಕೇಳಿದಳು:

"ನಿಮ್ಮ ಜೋಡಿ ಅಟ್ಟದ ಮ್ಯಾಲ ಐತೆಲ್ಲಾ, ಅದನ್ನ ಸಂತ್ಯಾಗ ಮಾರೀರೇನ್ರಿ?"

ನನ್ನ ಕೈಯಲ್ಲಿ ಬೆಲ್ಲ ಬೆವರಿಗೆ ಅಂಟಾಗುತ್ತಿತ್ತು. ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಇಳಿಯುವವರನ್ನು ನಮ್ಮ ಕಡೆ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಮ್ಮ ಅಪ್ಪ ಇಳಿಯಲಿಲ್ಲ, ಮಾವನವರು ಇಳಿಯುವುದಿಲ್ಲ, ನಾನೂ ಇಳಿಯುವುದಿಲ್ಲ. ಆ ರವಿವಾರ ಪಡಸಾಲೆಯಲ್ಲಿ ಕೂತಿದ್ದ ಎಲ್ಲರ ಮನೆಯಲ್ಲೂ ಒಂದು ಜೋಡಿ ಹಾಗೆ ಕಟ್ಟಿಟ್ಟದ್ದು ಇದೆ. ಕಬ್ಬು ಕಡಿಯುವವರೂ ಹಾಗೆ ಇಟ್ಟಿರಬಹುದೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಂಟು ಕಂಡಿದ್ದ ನಾನು ಹೊಳೆಯಲು ಬಿಡಲಿಲ್ಲ.

ಸ್ಟೇಷನ್ನಿನಿಂದಲೇ ಷಡ್ಡಕನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಗಂಟುಗಳನ್ನೂ ಹೇಳಿದೆ. ಅವನು ಬೈದರೆ ಹಗುರಾಗುತ್ತಿದ್ದೆ. ಅವನು, "ಮೂವತ್ತೂ ಇದ್ವೇನ್ರಿ ಅಣ್ಣಾರ? ಆ ಬೆರಳ ಬಾತಾಕಿಗೆ ಸರಿ ಆಗಿತ್ತೇನು?" ಎಂದ. ಸಿಟ್ಟು ಬಾರದ ಅವನ ಮೇಲೆ ನನಗೆ ಆಗಲೂ ಹೊಟ್ಟೆ ಉರಿಯಿತು. ಬೆಲ್ಲವನ್ನು ಅವನಿಗೆ ತಲುಪಿಸಲು ನಾಲ್ಕು ದಿನ ತೆಗೆದುಕೊಂಡೆ.

ಕಾಗವಾಡಕ್ಕೆ ಹೋಗಿ ಹೇಳಿದೆ. ಮಾವನವರು ಅಡಿಕೆ ಕತ್ತರಿಸುತ್ತಾ ಕೇಳಿ, "ಸಣ್ಣ ಅಳಿಯಾ ನಿಮ್ಮ ಬಾಯಿಲೆ ಹೇಳಸಾಕತ್ತಾನ," ಎಂದರು. ನನ್ನ ಹೆಂಡತಿ ಹೇಳಿದರೆ, "ತಂಗಿ ಗಂಡನ ಪರ ಮಾತಾಡಬ್ಯಾಡವಾ," ಎಂದರು. ಭಾವಮೈದುನನೂ ನಂಬಲಿಲ್ಲ. ನನ್ನ ಮೊದಲ ಮಾತನ್ನು ನಾನೇ ಅಷ್ಟು ಗಟ್ಟಿಯಾಗಿ ಕಟ್ಟಿದ್ದೆ.

ಅಥಣಿ ಕಡೆಯ ಆ ಮನೆಗೆ ಒಬ್ಬನೇ ಹೋದೆ. ಅವಳು ಹೊಸ್ತಿಲಲ್ಲಿ ಕೂತು ವ್ಯಾಪಾರಿಗೆ ಕೊಡುವ ಜಡೆ ಹೆಣೆಯುತ್ತಿದ್ದಳು. ಒಳಗೆ ಅಟ್ಟೆ ಹೊಲಿಯುವ ಜಾಗದಲ್ಲಿ ನೀರಿನ ಕೊಡ ಇಟ್ಟಿದ್ದರು. ನಿಮ್ಮ ಚಪ್ಪಲಿಯಲ್ಲಿ ಯಾವ ದೋಷವೂ ಇರಲಿಲ್ಲ, ದೋಷ ನನ್ನದು ಎಂದೆ. ಅವಳ ಕೈ ನಿಲ್ಲಲಿಲ್ಲ.

"ನೀವು ಬಂದ ಹೇಳಿದ್ರಿ, ಚಲೋ ಆತ್ರಿ. ಆದ್ರ ಒಮ್ಮೆ ಕೊಟ್ಟ ಮಾತ ಹೊಳ್ಳಿ ಹೋಗೇತಿ. ಮಗ್ಗಾ ಬಿಟ್ಟ ಬಾ ಅಂತ ನಾ ಯಾವ ಬಾಯಿಲೆ ಅವರಿಗೆ ಹೇಳ್ಲಿ? ನಿಮ್ಮ ಮಂದಿ ಎಲ್ಲಾರೂ ಹೂಂ ಅಂದ್ರ ಹೇಳ್ತೇನಿ. ಯುಗಾದಿಗೆ ಬರ್ತಾರ ಅವರು."

ಯುಗಾದಿಗೆ ಇನ್ನು ಒಂಬತ್ತು ದಿನ ಇದೆ. ಅಷ್ಟರೊಳಗೆ ನಮ್ಮ ಬಳಗದವರು ಇದನ್ನು ಓದಬೇಕು. ನನ್ನ ಮಾತು ಬೇಡವಾದರೆ ಕೇಳಲು ಬೇರೆಯವರಿದ್ದಾರೆ.

ಶುಕ್ರವಾರದ ಒಂಬತ್ತು ಗಂಟುಗಳನ್ನು ಮೋರಿಯ ಮೇಲಿಂದ ನೋಡಿದವನು ನಾನೊಬ್ಬನೇ. ಶಿವರಾತ್ರಿಯ ನಂತರ ನಡೆದದ್ದನ್ನು ನನ್ನ ಜೊತೆ ನಾಲ್ವರು ನೋಡಿದರು. ಹೊಲದ ಮಾಲೀಕರು ಅಂದು ಆ ಒಂಬತ್ತು ಮನೆಯವರಿಗೂ ತೆಂಗಿನಕಾಯಿ ಕೊಟ್ಟು ಕಳಿಸಿದರು. ಅವರು ಹೋದ ವಾರ ತೀರಿಕೊಂಡರು. ಉಳಿದ ಮೂವರು ಇದ್ದಾರೆ. ನನ್ನ ಹೆಂಡತಿ, ಅವಳ ಕಣ್ಣಿಗೆ ಪೊರೆ ಬರಲು ಶುರುವಾಗಿದೆ, ಆದರೆ ಅಂಗಿಯ ಗುರುತು ಹಿಡಿದಿದ್ದಾಳೆ, ಚಪ್ಪಲಿಯ ಸಪ್ಪಳವನ್ನೂ ಕೇಳಿದ್ದಾಳೆ. ಟ್ರ್ಯಾಕ್ಟರ್ ನಡೆಸಿದ ಭೋಜ ಊರಿನವನು. ಅವರನ್ನು ಊರು ಮುಟ್ಟಿಸಿ ಬಂದಿದ್ದಾನೆ, ಅವರು ಹೇಗೆ ಇಳಿದರೆಂದು ಅವನನ್ನು ಕೇಳಬಹುದು. ಮತ್ತೆ ಮೋರಿಯ ಆಚೆ ಬದಿಗೆ ಚಹಾದ ಗಾಡಿ ಇಟ್ಟಿರುವ ಹೆಂಗಸು. ಅವಳು ನಮ್ಮ ಬಳಗದವಳಲ್ಲ, ಷಡ್ಡಕನನ್ನು ನೋಡಿಲ್ಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಾಳೆ.